ಎರಡನೆಯ ಹೊಸವರ್ಷದ ಗಡುವು

ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದಲ್ಲಿ ಜನವರಿ ಎರಡನೆಯ ತಾರೀಖಿಗೆ ಒಂದು ಹೆಸರಿದೆ. ಅಲ್ಲಿನ ಆಫ್ರಿಕಾನ್ಸ್ ಭಾಷೆಯಲ್ಲಿ ಅದನ್ನು ‘ಟ್ವೀಡೆ ನುವೆ ಯಾರ್’ ಎನ್ನುತ್ತಾರೆ. ಎರಡನೆಯ ಹೊಸವರ್ಷ ಎಂದು ಅರ್ಥ. ಒಂದೇ ವರ್ಷ ಎರಡು ಸಲ ಏಕೆ ಹುಟ್ಟಬೇಕು ಎಂದು ಕೇಳಿದರೆ ಆ ಜನ ಹೇಳುವ ಉತ್ತರ ಚಿಕ್ಕದು. ಮೊದಲನೆಯದು ಒಡೆಯರ ಹೊಸವರ್ಷ. ಆ ದಿನ ಒಡೆಯರ ಮನೆಯಲ್ಲಿ ಔತಣ, ಕುಣಿತ. ಅಡುಗೆ ಮಾಡಿ, ಬಡಿಸಿ, ಪಾತ್ರೆ ತೊಳೆಯುತ್ತಿದ್ದವರು ಗುಲಾಮರು. ಮಾರನೆಯ ದಿನ ಗುಲಾಮರಿಗೆ ಬಿಡುವು. ಆ ಒಂದು ದಿನಕ್ಕಾಗಿ ಅವರು ಹಾಡು ಕಟ್ಟಿಕೊಂಡು ಕಾಯುತ್ತಿದ್ದರು.

1834ರ ಡಿಸೆಂಬರ್ 1ರಂದು ಕೇಪ್‌ನಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಮುಗಿಯಿತು. ಕೆಲಸ ಕಲಿಯುವ ಅವಧಿ ಎಂಬ ನೆಪದಲ್ಲಿ ಇನ್ನೂ ನಾಲ್ಕು ವರ್ಷ ಅದೇ ಒಡೆಯರ ಬಳಿ ದುಡಿಸಿ, 1838ರ ಡಿಸೆಂಬರ್ 1ಕ್ಕೆ ಅವರನ್ನು ನಿಜವಾಗಿ ಬಿಟ್ಟರು. ಬಿಡುಗಡೆಯಾದ ಮೇಲೂ ಜನರು ಜನವರಿ ಎರಡನ್ನು ಬಿಡಲಿಲ್ಲ. ಇಂದಿಗೂ ಬಿಟ್ಟಿಲ್ಲ. ದರ್ಜಿಗಳು, ಗಾರೆ ಕೆಲಸದವರು, ಬಡಗಿಗಳು, ಮೀನು ಹಿಡಿಯುವವರು, ಈಚಿನ ತಲೆಮಾರುಗಳಲ್ಲಿ ಕಾರ್ಖಾನೆ ಕೆಲಸಗಾರರು ಮತ್ತು ಗುಮಾಸ್ತರು, ಸಂಜೆ ಕೆಲಸ ಬಿಟ್ಟ ಮೇಲೆ ಸೇರಿ ತಿಂಗಳುಗಟ್ಟಲೆ ತಾಲೀಮು ಮಾಡಿ ಹೊಸವರ್ಷದ ಹೊತ್ತಿಗೆ ಬೀದಿಗೆ ಬರುತ್ತಾರೆ. ಇವರಲ್ಲಿ ಹೆಚ್ಚಿನವರು ಸಂಗೀತ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಸ್ವರಲಿಪಿ ಓದಲು ಬಾರದವರು. ಹಾಡಿಕೊಂಡು ಹೊಟ್ಟೆ ಹೊರೆಯುವವರೂ ಅಲ್ಲ. ಆದರೂ ನಾಲ್ಕು ದನಿಗಳನ್ನು ಹೊಂದಿಸಿ ಹಾಡುವ ಇವರ ಮೇಳಗಳನ್ನು ಕೇಳಿ ವಿಶ್ವವಿದ್ಯಾಲಯದ ಸಂಗೀತ ವಿದ್ವಾಂಸರು ಪುಸ್ತಕ ಬರೆದಿದ್ದಾರೆ.

ಹವ್ಯಾಸಿ ಹಾಡುಗಾರನಿಗೆ ಇರುವ ದೊಡ್ಡ ತೊಂದರೆ ಎಂದರೆ ಅವನ ಹಾಡಿಗಾಗಿ ಯಾರೂ ಕಾದು ಕುಳಿತಿರುವುದಿಲ್ಲ. ಇವತ್ತು ಅಭ್ಯಾಸ ಮಾಡದಿದ್ದರೆ ನಾಳೆ ಊಟ ತಪ್ಪುವುದಿಲ್ಲ. ಬರುವ ಹಾಡನ್ನೇ ಮತ್ತೆ ಮತ್ತೆ ಹಾಡಿ, ಬಾರದ ಜಾಗ ಬಂದಾಗ ದನಿ ತಗ್ಗಿಸಿ ದಾಟಿಕೊಂಡು, ಇಪ್ಪತ್ತು ವರ್ಷ ಹಾಗೆಯೇ ಇರುವ ಶೌಕೀನರನ್ನು ನಾವೆಲ್ಲ ನೋಡಿದ್ದೇವೆ. ಕೇಪ್‌ಟೌನಿನ ಹಾಡುಗಾರರಿಗೆ ಈ ಸೌಕರ್ಯ ಇರಲಿಲ್ಲ. ಅವರ ಮುಂದೆ ಒಂದು ತಾರೀಖು ಇತ್ತು. ಅದನ್ನು ಮುಂದೂಡುವ ಅಧಿಕಾರ ಮೇಳದ ಯಾರಿಗೂ ಇರಲಿಲ್ಲ. ಕುತೂಹಲದ ಸಂಗತಿಯೆಂದರೆ, ಆ ತಾರೀಖನ್ನು ಮೊದಲಿಗೆ ಗೊತ್ತು ಮಾಡಿದವರು ಅವರಲ್ಲ, ಅವರ ಒಡೆಯರು. ಬೇರೆಯವರು ಹಾಕಿದ ಗಡುವನ್ನು ಈ ಜನ ತಮ್ಮದಾಗಿ ಮಾಡಿಕೊಂಡದ್ದು ಹೇಗೆ ಎಂಬುದು ತಿಳಿಯಬೇಕಾದರೆ ಅವರು ಯಾರು ಎಂಬಲ್ಲಿಂದ ಆರಂಭಿಸಬೇಕು.

ಡಚ್ ಈಸ್ಟ್ ಇಂಡಿಯಾ ಕಂಪನಿ 1652ರಲ್ಲಿ ಕೇಪ್‌ನಲ್ಲಿ ತನ್ನ ಹಡಗುಗಳಿಗೆ ತಂಗುದಾಣ ಮಾಡಿಕೊಂಡಿತು. ಏಷ್ಯಾಕ್ಕೆ ಹೋಗಿ ಬರುವ ಹಡಗುಗಳಿಗೆ ನೀರು, ತರಕಾರಿ, ಮಾಂಸ ಒದಗಿಸುವುದು ಉದ್ದೇಶ. ಕೆಲಸಕ್ಕೆ ಆಳುಗಳು ಬೇಕಾದಾಗ ಗುಲಾಮರನ್ನು ತರಿಸಿತು. 1808ರಲ್ಲಿ ಗುಲಾಮರ ಆಮದು ನಿಲ್ಲುವ ಹೊತ್ತಿಗೆ ಹೀಗೆ ಬಂದವರು 60,000ಕ್ಕೂ ಹೆಚ್ಚು ಜನ. ಜಾವಾ, ಸುಲವೇಸಿ ಮುಂತಾದ ಇಂಡೊನೇಷ್ಯಾದ ದ್ವೀಪಗಳಿಂದ, ಮಡಗಾಸ್ಕರ್ ಮತ್ತು ಮೊಜಾಂಬಿಕ್‌ನಿಂದ, ನಮ್ಮ ಬಂಗಾಳ, ಕೋರಮಂಡಲ ಮತ್ತು ಮಲಬಾರ್ ಕರಾವಳಿಗಳಿಂದ ಅವರನ್ನು ಹಿಡಿದು ತಂದರು. ತಂದೆಯ ಹೆಸರು ಅಳಿಸಿ ಊರಿನ ಹೆಸರು ಅಂಟಿಸಿದರು. ಕೇಪ್‌ನ ಹಳೆಯ ದಾಖಲೆಗಳಲ್ಲಿ ‘ಫಾನ್ ಬೆಂಗಾಲೆನ್’, ‘ಫಾನ್ ಮಲಬಾರ್’ ಎಂದು ಮುಗಿಯುವ ಹೆಸರುಗಳು ಸಾಲುಸಾಲಾಗಿ ಸಿಗುತ್ತವೆ. ಇವರ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಮುಂದೆ ‘ಕೇಪ್ ಮಲಯ್’ ಎಂದು ಒಂದೇ ಹೆಸರಿನಿಂದ ಕರೆದರು. ಅವರಲ್ಲಿ ಬಹಳಷ್ಟು ಜನ ಮಲಯ್ ನಾಡನ್ನು ಕಂಡವರೇ ಅಲ್ಲ. ಮಲಯ್ ಭಾಷೆ ಆ ಕಡಲಿನ ವ್ಯಾಪಾರದ ಭಾಷೆಯಾಗಿತ್ತು, ಗುಲಾಮರೂ ತಮ್ಮತಮ್ಮಲ್ಲಿ ಅದನ್ನಾಡುತ್ತಿದ್ದರು, ಅಷ್ಟೇ. ಆ ಹೆಸರಿಗೆ ಅಲ್ಲಿ ‘ಮುಸ್ಲಿಂ’ ಎಂಬ ಅರ್ಥವೂ ಸೇರಿಕೊಂಡಿತು.

ಡಚ್ಚರು ಗುಲಾಮರ ಜೊತೆಗೆ ತಮ್ಮ ವಿರುದ್ಧ ನಿಂತ ದೊರೆಗಳನ್ನೂ ವಿದ್ವಾಂಸರನ್ನೂ ಕೇಪ್‌ಗೆ ಗಡೀಪಾರು ಮಾಡುತ್ತಿದ್ದರು. 1694ರಲ್ಲಿ ಮಕಸ್ಸಾರಿನ ಶೇಖ್ ಯೂಸುಫ್ ಹೀಗೆ ಬಂದರು. 1780ರಲ್ಲಿ ಟಿಡೋರ್ ದ್ವೀಪದ ಅಬ್ದುಲ್ಲಾ ಬಿನ್ ಖಾಝಿ ಅಬ್ದುಸ್ಸಲಾಂ ಎಂಬವರನ್ನು ತಂದು ರಾಬೆನ್ ದ್ವೀಪದಲ್ಲಿ ಕೂಡಿಹಾಕಿದರು. ಮುಂದೆ ನೆಲ್ಸನ್ ಮಂಡೇಲರನ್ನು ಇಟ್ಟ ದ್ವೀಪ ಅದೇ. ಜನ ಅವರನ್ನು ‘ತುವಾನ್ ಗುರು’ ಎಂದು ಕರೆದರು. ಅಲ್ಲಿ ಅವರು ಕುರ್‌ಆನನ್ನು ನೆನಪಿನಿಂದಲೇ ಬರೆದಿಟ್ಟರು. 1793ರಲ್ಲಿ ಬಿಡುಗಡೆಯಾದ ಮೇಲೆ ಡಾರ್ಪ್ ಬೀದಿಯಲ್ಲಿ ಮದ್ರಸ ನಡೆಸಿದರು. ಅದೇ ಬೀದಿಯ ಅವ್ವಲ್ ಮಸೀದಿಯನ್ನು ದಕ್ಷಿಣ ಆಫ್ರಿಕದ ಮೊದಲ ಮಸೀದಿ ಎಂದು ಎಣಿಸುತ್ತಾರೆ.

ಈ ಮದ್ರಸಗಳ ಕಲಿಕೆಯ ಬಗೆ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಮಕ್ಕಳು ಉಸ್ತಾದರು ಹೇಳಿದ ಪಾಠವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿ ಮಾರನೆಯ ದಿನ ಒಪ್ಪಿಸಬೇಕಿತ್ತು. ಅದಕ್ಕೆ ಅವರು ‘ಕೊಪ್‌ಲೆಸ್’ ಎನ್ನುತ್ತಿದ್ದರು, ತಲೆಯೊಳಗಿನ ಪಾಠ ಎಂದು. ಭಾಷೆ ಆಫ್ರಿಕಾನ್ಸ್, ಬರೆಯುತ್ತಿದ್ದುದು ಅರಬ್ಬಿ ಲಿಪಿಯಲ್ಲಿ. ಮಲಬಾರಿನ ಅರಬಿ ಮಲಯಾಳವನ್ನು ಬಲ್ಲವರಿಗೆ ಇದು ಅಚ್ಚರಿಯಲ್ಲ. ಒಟ್ಟೋಮನ್ ಸುಲ್ತಾನರು ಕಳಿಸಿದ್ದ ಅಬೂಬಕರ್ ಎಫೆಂದಿ ಎಂಬ ವಿದ್ವಾಂಸರು ಬರೆದ ಅಂಥದೊಂದು ಧಾರ್ಮಿಕ ಗ್ರಂಥ 1877ರಲ್ಲಿ ಇಸ್ತಾಂಬುಲಿನಲ್ಲಿ ಅಚ್ಚಾಯಿತು. ಬಿಳಿಯರು ತಮ್ಮದೇ ಎಂದು ಮುಂದೆ ಹೆಮ್ಮೆಪಟ್ಟುಕೊಂಡ ಆಫ್ರಿಕಾನ್ಸ್ ಭಾಷೆಯ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು! ಅದಿರಲಿ. ಕಿವಿಯಿಂದ ಕೇಳಿ, ತಲೆಯಲ್ಲಿಟ್ಟುಕೊಂಡು, ಗೊತ್ತಾದ ಹೊತ್ತಿಗೆ ತಪ್ಪಿಲ್ಲದೆ ಒಪ್ಪಿಸುವ ಶಿಸ್ತು ಈ ಜನರಿಗೆ ಮದ್ರಸದಿಂದಲೇ ಬಂದಿತ್ತು.

ಇನ್ನು ಹಾಡುಗಳ ಮಾತು. ಈ ಮೇಳಗಳು ಹಾಡುವ ಹಾಡುಗಳಲ್ಲಿ ಎರಡು ಬಗೆ ಮುಖ್ಯ. ಒಂದು ‘ನೆದರ್‌ಲಾಂಡ್ಸ್‌ಲೀಡ್’. ಹೆಸರೇ ಹೇಳುವಂತೆ ಇದು ಡಚ್ ಮೂಲದ ಹಳೆಯ ಹಾಡು. ಗುಲಾಮರು ಒಡೆಯರ ಮನೆಯ ಹಾಡನ್ನು ಕೇಳಿ ಕಲಿತರು. ಕೇಳಿ ಕಲಿತದ್ದರಿಂದ ಅನೇಕ ಪದಗಳು ಸವೆದುಹೋಗಿವೆ, ಹಾಡುವವರಿಗೇ ಕೆಲವು ಪದಗಳ ಅರ್ಥ ಗೊತ್ತಿಲ್ಲ. ಆದರೆ ಹಾಡುವ ರೀತಿ ಡಚ್ಚರದಲ್ಲ. ಹಿಂದೆ ನಿಂತ ಮೇಳ ಯುರೋಪಿನ ಕ್ರಮದಲ್ಲಿ ನೇರವಾಗಿ ಹಾಡುತ್ತಿರುತ್ತದೆ. ಮುಂದೆ ನಿಂತ ಒಬ್ಬನೇ ಹಾಡುಗಾರ ಒಂದು ಅಕ್ಷರವನ್ನು ಹಿಡಿದು ಎಳೆದು, ಬಳುಕಿಸಿ, ಸಣ್ಣ ಸಣ್ಣ ಅಲೆಗಳಾಗಿ ಒಡೆದು, ಮೇಳದ ಮೇಲೆ ತೇಲಿಬಿಡುತ್ತಾನೆ. ಇದಕ್ಕೆ ‘ಕರಿಂಕೆಲ್’ ಎನ್ನುತ್ತಾರೆ. ಅಝಾನಿನ ದನಿಯನ್ನೂ ಕಿರಾಅತ್‌ನ ದನಿಯನ್ನೂ ಕೇಳಿ ಬೆಳೆದ ಗಂಟಲು ಅದು ಎಂದು ಸಂಶೋಧಕರು ಗುರುತಿಸಿದ್ದಾರೆ. ಮದುವೆ ಮನೆಗಳಲ್ಲೂ ಈ ಹಾಡುಗಳಿಗೆ ಜಾಗವಿತ್ತು.

ಇನ್ನೊಂದು ಬಗೆ ‘ಮೊಪಿ’. ಇದು ಹಾಸ್ಯದ ಹಾಡು. ಊರಿನ ಯಾರಾದರೊಬ್ಬರ ಪೆದ್ದುತನ, ಆ ವರ್ಷದ ಬೆಲೆಯೇರಿಕೆ, ರಾಜಕಾರಣಿಯ ಮಾತು, ಏನು ಬೇಕಾದರೂ ಅದರ ವಸ್ತು. ಜನಪ್ರಿಯ ಹಾಡುಗಳಿಂದ ಮಟ್ಟುಗಳನ್ನು ತುಂಡು ತುಂಡಾಗಿ ತೆಗೆದುಕೊಂಡು ಹೊಲಿದು ಹೊಸ ಹಾಡು ಮಾಡುತ್ತಾರೆ. ಮುಂದಿನ ಹಾಡುಗಾರ ಕೈಸನ್ನೆ, ಮುಖಚೇಷ್ಟೆ ಮಾಡುತ್ತ ಹಾಡಿದರೆ ಹಿಂದಿನವರು ಪಲ್ಲವಿ ಹಿಡಿಯುತ್ತಾರೆ. ಗಿಟಾರ್, ಬ್ಯಾಂಜೊ, ಮ್ಯಾಂಡೊಲಿನ್‌ಗಳ ಜೊತೆ ‘ಗುಮಾ’ ಎಂಬ ವಾದ್ಯ ಇರುತ್ತದೆ. ವೈನ್ ತುಂಬುವ ಸಣ್ಣ ಮರದ ಪೀಪಾಯಿಯ ಒಂದು ಬಾಯಿಗೆ ಚರ್ಮ ಬಿಗಿದು ಮಾಡಿದ ಚರ್ಮವಾದ್ಯ ಅದು. ಒಡೆಯನ ಖಾಲಿ ಪೀಪಾಯಿ ಆಳಿನ ವಾದ್ಯವಾಯಿತು.

ಮೊಪಿ ಹೊಸದಾಗಿರಬೇಕು. ಹೋದ ವರ್ಷದ ತಮಾಷೆಗೆ ಈ ವರ್ಷ ಯಾರು ನಗುತ್ತಾರೆ? ಹಾಗಾಗಿ ಹಾಡು ಕಟ್ಟುವವನಿಗೂ ಒಂದು ಗಡುವು. ಉರ್ದು ಓದಿದವರಿಗೆ ಇಲ್ಲಿ ತರಹೀ ಮುಷಾಯಿರಾ ನೆನಪಾಗದೆ ಇರದು. ಮುಷಾಯಿರಾದ ತಾರೀಖಿಗೆ ಎಷ್ಟೋ ದಿನ ಮೊದಲು ಒಂದು ಸಾಲನ್ನು, ಅಂದರೆ ಮಿಸ್ರಾ-ಎ-ತರಹನ್ನು ಕೊಟ್ಟುಬಿಡುತ್ತಾರೆ. ಅದೇ ಛಂದಸ್ಸು, ಅದೇ ಕಾಫಿಯಾ, ಅದೇ ರದೀಫ್ ಹಿಡಿದು ಎಲ್ಲರೂ ಗಝಲ್ ಬರೆದು ತರಬೇಕು. ಗಡಿಯಾರ ರಿಪೇರಿ ಮಾಡುವವನೂ ಬೀಡಿ ಅಂಗಡಿಯವನೂ ಶಾಲೆಯ ಮೌಲ್ವಿ ಸಾಹೇಬರೂ ಒಂದೇ ಸಾಲಿನ ಹಿಂದೆ ಬಿದ್ದಿರುತ್ತಾರೆ. ಕೇಳುವವರಿಗೂ ಸಾಲು ಗೊತ್ತಿರುವುದರಿಂದ ಯಾರು ಎಲ್ಲಿ ಜಾರಿದರು, ಯಾರು ಕಾಫಿಯಾವನ್ನು ಹೊಸದಾಗಿ ಕೂರಿಸಿದರು ಎಂಬುದು ತಕ್ಷಣ ತಿಳಿಯುತ್ತದೆ. ತಾರೀಖು ಇಲ್ಲದಿದ್ದರೆ ಆ ಗಝಲ್‌ಗಳಲ್ಲಿ ಮುಕ್ಕಾಲು ಪಾಲು ಹುಟ್ಟುತ್ತಲೇ ಇರಲಿಲ್ಲ. (ದೀಪಾವಳಿ ವಿಶೇಷಾಂಕಗಳು ಇಲ್ಲದಿದ್ದರೆ ಕನ್ನಡದಲ್ಲಿ ಎಷ್ಟು ಸಣ್ಣಕತೆಗಳು ಇರುತ್ತಿದ್ದವು ಎಂದು ನಾನು ಲೆಕ್ಕ ಹಾಕಲು ಹೋಗುವುದಿಲ್ಲ.)

ಕೇಪ್‌ಟೌನಿನ ಮೇಳಗಳ ವರ್ಷ ಹೇಗೆ ಸಾಗುತ್ತದೆ ನೋಡಿ. ಬಹಳ ಮೇಳಗಳು ಕ್ರೀಡಾ ಕ್ಲಬ್ಬುಗಳ ಜೊತೆ ಹೆಣೆದುಕೊಂಡು ಬೆಳೆದವು. ಟುಲಿಪ್ಸ್, ಪ್ರಿಮ್‌ರೋಸಸ್, ಸ್ಟಾರ್‌ಲೈಟ್ಸ್, ಯಂಗ್ ಮೆನ್ ಎಂದೆಲ್ಲ ಹೆಸರುಗಳು. ಕಲಿಸುವವನನ್ನು ಕರೆಯುವುದೂ ಆಟದ ಮೈದಾನದ ಪದದಿಂದಲೇ, ‘ಕೋಚ್’ ಎಂದು. ವರ್ಷದ ಮಧ್ಯದ ಚಳಿಗಾಲದ ಹೊತ್ತಿಗೆ ಕ್ಲಬ್ಬಿನ ಕೋಣೆಯಲ್ಲಿ ಸೇರಲು ಆರಂಭಿಸುತ್ತಾರೆ. ದಕ್ಷಿಣ ಗೋಳಾರ್ಧವಾದ್ದರಿಂದ ಅಲ್ಲಿ ಜೂನ್, ಜುಲೈ ಚಳಿ, ಡಿಸೆಂಬರ್ ಬೇಸಿಗೆ. ಕೋಚ್ ಒಂದೊಂದು ದನಿಯ ಗುಂಪಿಗೂ ಅವರವರ ಸಾಲನ್ನು ಹಾಡಿ ತೋರಿಸುತ್ತಾನೆ. ಅವರು ಕಿವಿಯಿಂದ ಕಲಿಯುತ್ತಾರೆ. ಕಾಗದದಲ್ಲಿ ಸ್ವರ ಇಲ್ಲ, ಆದ್ದರಿಂದ ತಾಲೀಮಿಗೆ ಬಾರದವನು ಮನೆಯಲ್ಲಿ ಕೂತು ಕಲಿಯುವ ಹಾಗೂ ಇಲ್ಲ. ಒಬ್ಬ ತಪ್ಪಿಸಿಕೊಂಡರೆ ಅವನ ದನಿಯ ಗುಂಪೇ ಕುಂಟುತ್ತದೆ. ಒಬ್ಬಂಟಿ ಹವ್ಯಾಸಿಗೂ ಮೇಳದ ಹವ್ಯಾಸಿಗೂ ಇರುವ ವ್ಯತ್ಯಾಸ ಇಲ್ಲಿದೆ. ತಾರೀಖಿನ ಭಯಕ್ಕಿಂತ ಪಕ್ಕದಲ್ಲಿ ನಿಂತವನ ಮುಖದ ಭಯ ದೊಡ್ಡದು.

ದಿನ ಹತ್ತಿರವಾದಂತೆ ಕೆಲಸದ ಸ್ವರೂಪ ಬದಲಾಗುತ್ತದೆ. ಮೊದಲು ನಾಲ್ಕೈದು ಹಾಡುಗಳನ್ನು ಹಿಡಿದು ನೋಡುವುದು, ಆಮೇಲೆ ಕೆಲವನ್ನು ಬಿಡುವುದು. ಮುಂದಿನ ಹಾಡುಗಾರನ ಗಂಟಲಿಗೆ ಒಗ್ಗುವ ಶ್ರುತಿಯನ್ನು ಒಂದು ಕಡೆ ನಿಲ್ಲಿಸುವುದು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವ ಸಾಲಿನಲ್ಲಿ ಬ್ಯಾಂಜೊ ಸುಮ್ಮನಿರಬೇಕು ಎಂದು ಗೊತ್ತು ಮಾಡುವುದು. ಇವೆಲ್ಲ ತೀರ್ಮಾನಗಳು. ಗಡುವು ಇಲ್ಲದ ಹವ್ಯಾಸಿ ಈ ತೀರ್ಮಾನಗಳನ್ನು ತೆಗೆದುಕೊಳ್ಳುವುದೇ ಇಲ್ಲ, ಏಕೆಂದರೆ ಅವನಿಗೆ ಅದರ ಅಗತ್ಯವಿಲ್ಲ. ಬಹಳ ಹೊತ್ತು ಹಾಡಿದರೆ ಗಂಟಲು ಪಳಗುತ್ತದೆ ನಿಜ. ಆದರೆ ಇದು ಬೇಕು, ಇದು ಬೇಡ ಎಂದು ಬಿಡಿಸಿಕೊಳ್ಳುವುದನ್ನು ಗಂಟಲು ಕಲಿಸುವುದಿಲ್ಲ. ಅದನ್ನು ತಾರೀಖು ಕಲಿಸುತ್ತದೆ ಎಂದು ನನಗೆ ತೋರುತ್ತದೆ.

ಇನ್ನೊಂದು ಸೂಕ್ಷ್ಮವೂ ಇದೆ. ಇವರಿಗೆ ಇರುವುದು ಒಂದೇ ಗಡುವಲ್ಲ. ಡಿಸೆಂಬರ್ 31ರ ರಾತ್ರಿ ಮೇಳಗಳು ಆ ವರ್ಷಕ್ಕೆಂದೇ ಹೊಲಿಸಿದ ಸಮವಸ್ತ್ರ ಹಾಕಿಕೊಂಡು ಬೋ-ಕಾಪ್ ಎಂಬ ಬೆಟ್ಟದ ತಪ್ಪಲಿನ ಮುಸ್ಲಿಂ ಮೊಹಲ್ಲಾದ ಬೀದಿಗಳಲ್ಲಿ ಹಾಡುತ್ತಾ ಹೋಗುತ್ತವೆ. ಗೊತ್ತಾದ ಮನೆಗಳ ಮುಂದೆ ಮೇಜು ಹಾಕಿ ತಿಂಡಿ, ಹಣ್ಣು, ಶರಬತ್ತು ಇಟ್ಟಿರುತ್ತಾರೆ. ಮೇಳ ನಿಂತು ಹಾಡುತ್ತದೆ, ತಿನ್ನುತ್ತದೆ, ಮುಂದಿನ ಮನೆಗೆ ಹೋಗುತ್ತದೆ. ಇಲ್ಲಿ ತಪ್ಪಿದರೆ ಅಂಕ ಕಳೆಯುವವರಿಲ್ಲ. ಆದರೆ ಮೇಜಿನ ಹಿಂದೆ ಕುರ್ಚಿ ಹಾಕಿಕೊಂಡು ಕೂತ ಮುದುಕರು ಇದೇ ಹಾಡನ್ನು ತಮ್ಮ ತಂದೆಯ ಕಾಲದಿಂದ ಕೇಳಿದವರು. ಅವರಿಗೆ ಎಲ್ಲ ತಿಳಿಯುತ್ತದೆ. ಇದಾದ ಮೇಲೆ, ಹೊಸವರ್ಷ ಕಳೆದ ವಾರಗಳಲ್ಲಿ ಮೇಳಗಳ ಸ್ಪರ್ಧೆಗಳು ನಡೆಯುತ್ತವೆ. ಅಲ್ಲಿ ವೇದಿಕೆ ಇದೆ, ತೀರ್ಪುಗಾರರು ಇದ್ದಾರೆ, ಬಹುಮಾನ ಇದೆ. ಮೊದಲು ಕ್ಷಮಿಸುವ ಗಡುವು, ಆಮೇಲೆ ಕ್ಷಮಿಸದ ಗಡುವು. ಬೀದಿಯಲ್ಲಿ ಬಯಲಾದ ಕೊರತೆಯನ್ನು ತಿದ್ದಿಕೊಳ್ಳಲು ನಡುವೆ ಒಂದಿಷ್ಟು ದಿನ. ಯಾರೂ ಯೋಜನೆ ಹಾಕಿ ಮಾಡಿದ ಏರ್ಪಾಡಲ್ಲ ಇದು. ಆದರೆ ಕಲಿಸುವ ಕಲೆ ಬಲ್ಲವರು ಕೂತು ಯೋಚಿಸಿದರೂ ಇದಕ್ಕಿಂತ ಒಳ್ಳೆಯದನ್ನು ಮಾಡಲಾರರು.

ಮೇಳಗಳ ಈ ಸ್ಪರ್ಧೆ ಆರಂಭವಾದದ್ದು 1939ರಲ್ಲಿ. ಬ್ರಿಟಿಷ್ ಆಳ್ವಿಕೆಯ ಜೊತೆಗೆ ಸಂಗೀತ ಸ್ಪರ್ಧೆಯ ಅಭ್ಯಾಸವೂ ದಕ್ಷಿಣ ಆಫ್ರಿಕಕ್ಕೆ ಬಂದಿತ್ತು. ಇಂಗ್ಲೆಂಡಿನಲ್ಲಿ 1853ರಿಂದಲೇ ಮ್ಯಾಂಚೆಸ್ಟರಿನ ಬೆಲ್ ವ್ಯೂ ಉದ್ಯಾನದಲ್ಲಿ ಗಿರಣಿ ಮತ್ತು ಗಣಿ ಕೆಲಸಗಾರರ ಹಿತ್ತಾಳೆ ವಾದ್ಯಗಳ ಬ್ಯಾಂಡ್‌ಗಳು ವರ್ಷ ವರ್ಷ ಪೈಪೋಟಿ ನಡೆಸುತ್ತಿದ್ದವು. ಕೇಪ್‌ಟೌನಿನಲ್ಲಿ ಮೇಳಗಳನ್ನು ಒಂದು ಮಂಡಳಿಯ ಕೆಳಗೆ ತಂದವರು ಬೆನ್ನಿ ಓಸ್ಮಾನ್ ಮತ್ತು ಐ. ಡಿ. ಡು ಪ್ಲೆಸಿ. ಎರಡನೆಯವರು ಬಿಳಿಯರು, ಆಫ್ರಿಕಾನ್ಸ್ ಭಾಷೆಯ ಹೆಸರಾಂತ ಕವಿ. ಮಲಯ್ ಜನರ ಹಾಡುಗಳನ್ನು ಸಂಗ್ರಹಿಸಿ 1935ರಲ್ಲಿ ಅವುಗಳ ಮೇಲೆ ಪುಸ್ತಕ ತಂದಿದ್ದರು. ಹಾಡುಗಳ ಮೇಲೆ ಅವರಿಗಿದ್ದ ಪ್ರೀತಿಯನ್ನು ಅನುಮಾನಿಸಬೇಕಾಗಿಲ್ಲ. ಅವರು ಬರೆದಿಡದಿದ್ದರೆ ಎಷ್ಟೋ ಹಾಡುಗಳು ಅಳಿದುಹೋಗುತ್ತಿದ್ದವು.

ಆದರೆ ಆ ಪ್ರೀತಿಯ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಮಲಯರು ಉಳಿದ ಬಣ್ಣದ ಜನರಿಗಿಂತ ಬೇರೆಯಾದ ಒಂದು ಶುದ್ಧ ಜನಾಂಗ ಎಂಬುದು ಡು ಪ್ಲೆಸಿಯವರ ವಾದ. ಬಂಗಾಳ, ಮಲಬಾರ್, ಜಾವಾ, ಮಡಗಾಸ್ಕರ್‌ಗಳ ರಕ್ತ ಕೂಡಿದ ಜನರಲ್ಲಿ ಶುದ್ಧತೆ ಎಲ್ಲಿಂದ ಬರಬೇಕು? 1948ರಲ್ಲಿ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂದು ವರ್ಣಭೇದದ ಕಾನೂನುಗಳನ್ನು ಮಾಡಿದಾಗ ಈ ವಾದ ಸರಕಾರಕ್ಕೆ ಅನುಕೂಲವೇ ಆಯಿತು. 1950ರ ಜನನೋಂದಣಿ ಕಾಯಿದೆಯ ಅಡಿಯಲ್ಲಿ ‘ಮಲಯ್’ ಎಂಬುದು ಬಣ್ಣದವರೊಳಗಿನ ಒಂದು ಉಪಪಂಗಡವಾಗಿ ಕಾಗದಕ್ಕೆ ಬಂತು. ಡು ಪ್ಲೆಸಿ ಬಣ್ಣದವರ ವ್ಯವಹಾರಗಳ ಆಯುಕ್ತರಾದರು. ಹಾಡಿನ ಸ್ಪರ್ಧೆಗೆ ತಾರೀಖು ಕೊಟ್ಟ ಮನುಷ್ಯ ವರ್ಣಭೇದದ ಆಡಳಿತದ ಅಧಿಕಾರಿಯೂ ಆದರು. ಇದೊಂದು ವಿಚಿತ್ರ ಋಣ. ಮೇಳಗಳು ಇದನ್ನು ಹೇಗೆ ತೀರಿಸಿಕೊಂಡವು ಎಂದರೆ, ಸ್ಪರ್ಧೆಯನ್ನು ಇಟ್ಟುಕೊಂಡವು, ಶುದ್ಧತೆಯನ್ನು ಗಾಳಿಗೆ ಬಿಟ್ಟವು. ಮೇಳಗಳಲ್ಲಿ ಕ್ರೈಸ್ತರೂ ಹಾಡಿದರು. ಮೊಪಿಯಲ್ಲಿ ಅಮೆರಿಕದ ಸಿನಿಮಾ ಹಾಡೂ ಬಂತು.

ಸ್ಪರ್ಧೆಯಿಂದ ಹಾಡುಗಾರಿಕೆ ಮೇಲಾಯಿತೇ? ದನಿಗಳ ಹೊಂದಾಣಿಕೆ, ವಾದ್ಯಗಳ ಕೂಡಿಕೆ, ವೇದಿಕೆಯ ಶಿಸ್ತು, ಇವು ಬಿಗಿಯಾದವು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಗಡುವು ಏನನ್ನು ಕೇಳುತ್ತದೆಯೋ ಅದನ್ನಷ್ಟೇ ಬೆಳೆಸುತ್ತದೆ. ಅಂಕ ಕೊಡುವವರು ಪಾಶ್ಚಾತ್ಯ ಸಂಗೀತ ಕಲಿತವರಾದರೆ ಕರಿಂಕೆಲ್‌ನ ಬಳುಕು ಅವರ ಕಿವಿಗೆ ಶ್ರುತಿ ತಪ್ಪಿದಂತೆ ಕೇಳಬಹುದು. ಎರಡು ಸ್ವರಗಳ ನಡುವೆ ಜಾರುವ ದನಿಯನ್ನು ಯಾವ ಕಾಲಮಿನಲ್ಲಿ ಬರೆಯುವುದು? ತೀರ್ಪಿನ ಬಗ್ಗೆ ಮೇಳಗಳಲ್ಲಿ ಸದಾ ಜಗಳ. ಗೆಲ್ಲುವ ಮೇಳದ ರೀತಿಯನ್ನು ಉಳಿದವರು ಅನುಕರಿಸಿ ಎಲ್ಲರೂ ಒಂದೇ ಥರ ಹಾಡತೊಡಗುವ ಅಪಾಯವೂ ಇದೆ. ನಮ್ಮಲ್ಲಿ ಶಾಲಾ ಮಕ್ಕಳ ಪ್ರತಿಭಾ ಕಾರಂಜಿ ನೋಡಿದವರಿಗೆ ಈ ಕಾಯಿಲೆ ಹೊಸದಲ್ಲ. ಬೀದಿಯ ಗಡುವು ಉಳಿದುಕೊಂಡದ್ದರಿಂದ ಕೇಪ್‌ಟೌನಿನ ಮೇಳಗಳು ಅದರಿಂದ ಒಂದಿಷ್ಟು ಪಾರಾದವು. ಮೇಜಿನ ಹಿಂದಿನ ಮುದುಕರಿಗೆ ಕರಿಂಕೆಲ್ ಇಲ್ಲದ ಹಾಡು ಬೇಡ.

ಅಲ್ಲಿನ ಉಲಮಾಗಳಲ್ಲಿ ಕೆಲವರು ಈ ಹಾಡು, ಮೆರವಣಿಗೆಗಳನ್ನು ಒಪ್ಪಲಿಲ್ಲ. ಇನ್ನೊಂದು ಕಡೆ, ವರ್ಣಭೇದದ ವಿರುದ್ಧ ಹೋರಾಡುತ್ತಿದ್ದ ವಿದ್ಯಾವಂತರಿಗೆ ಮುಖಕ್ಕೆ ಬಣ್ಣ ಬಳಿದು ಕುಣಿಯುವ ಹೊಸವರ್ಷದ ಉತ್ಸವ ನಾಚಿಕೆಗೇಡು ಎನಿಸಿತು. ಎರಡು ಕಡೆಯವರ ಮಾತಿನಲ್ಲೂ ಹುರುಳಿದೆ. ಹಾಡುವವರು ಇಬ್ಬರಿಗೂ ಉತ್ತರ ಕೊಡಲು ಹೋಗದೆ ತಾಲೀಮಿಗೆ ಹೋದರು.

ಗಡುವಿನ ನಿಜವಾದ ಪರೀಕ್ಷೆ ಬಂದದ್ದು 1966ರಲ್ಲಿ. ನಗರದ ಮಧ್ಯಕ್ಕೆ ಅಂಟಿಕೊಂಡಿದ್ದ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಬಡಾವಣೆ ಈ ಸಂಗೀತದ ತವರು. ಮುಸ್ಲಿಮರು, ಕ್ರೈಸ್ತರು, ಯಹೂದಿಗಳು, ಭಾರತದಿಂದ ಹೋದ ವ್ಯಾಪಾರಿಗಳು ಗೋಡೆಗೆ ಗೋಡೆ ಸೇರಿಸಿಕೊಂಡು ಬದುಕಿದ್ದ ಜಾಗ. ಆ ವರ್ಷದ ಫೆಬ್ರವರಿ 11ರಂದು ಸರಕಾರ ಅದನ್ನು ಬಿಳಿಯರ ಪ್ರದೇಶ ಎಂದು ಘೋಷಿಸಿತು. ಮುಂದಿನ ಸುಮಾರು ಹದಿನೈದು ವರ್ಷಗಳಲ್ಲಿ 60,000ಕ್ಕೂ ಹೆಚ್ಚು ಜನರನ್ನು ಎಬ್ಬಿಸಿ, ಮನೆಗಳನ್ನು ಬುಲ್ಡೋಜರ್‌ನಿಂದ ಕೆಡವಿದರು. ಹ್ಯಾನೋವರ್ ಪಾರ್ಕ್, ಮ್ಯಾನೆನ್‌ಬರ್ಗ್, ಮಿಚೆಲ್ಸ್ ಪ್ಲೇನ್ ಎಂಬ ಹೆಸರುಗಳ ಹೊಸ ಬಡಾವಣೆಗಳನ್ನು ಮೈಲಿಗಟ್ಟಲೆ ದೂರದ ಮರಳು ಬಯಲಿನಲ್ಲಿ ಕಟ್ಟಿ ಜನರನ್ನು ಅಲ್ಲಿ ಹಂಚಿದರು. ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ. ಪಕ್ಕದ ಮನೆಯವರು ಮತ್ತೆ ಪಕ್ಕದ ಮನೆಯವರಾಗಲಿಲ್ಲ. ಮಸೀದಿ ಮತ್ತು ಚರ್ಚುಗಳನ್ನು ಮಾತ್ರ ಕೆಡವಲಿಲ್ಲ. ಖಾಲಿ ಬಯಲಿನ ನಡುವೆ ಒಂಟಿಯಾಗಿ ನಿಂತ ಮಸೀದಿಗಳಿಗೆ ಜನ ದೂರದಿಂದ ನಮಾಝಿಗೆ ಬರುತ್ತಿದ್ದರು.

ಮೇಳ ಎಂದರೆ ಬೀದಿಯ ಮೇಳ. ಬೀದಿಯೇ ಇಲ್ಲವಾದ ಮೇಲೆ ಮೇಳ ಎಲ್ಲಿ ಉಳಿಯಬೇಕು? ತರ್ಕದ ಪ್ರಕಾರ ಅದು ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಚದುರಿದ ಬಡಾವಣೆಗಳಿಂದ ಜನ ಮತ್ತೆ ಒಂದು ಕೋಣೆಯಲ್ಲಿ ಸೇರಿದರು. ಹೊಸ ಬಡಾವಣೆಗಳಲ್ಲಿ ಹೊಸ ಮೇಳಗಳೂ ಹುಟ್ಟಿದವು. ಸರಕಾರ ಅವರ ಮನೆ ತೆಗೆದುಕೊಂಡಿತ್ತು, ಕ್ಯಾಲೆಂಡರ್ ತೆಗೆದುಕೊಂಡಿರಲಿಲ್ಲ. ವರ್ಣಭೇದದ ಕಾಲದಲ್ಲಿ ಕೆಲವು ವರ್ಷ ನಗರದ ನಡುವಿನ ಜನವರಿ ಎರಡರ ಮೆರವಣಿಗೆಗೆ ತಡೆಯೊಡ್ಡಿದಾಗಲೂ ಉತ್ಸವ ಮೈದಾನಗಳಲ್ಲಿ, ಸ್ಪರ್ಧೆ ಸಭಾಂಗಣಗಳಲ್ಲಿ ನಡೆಯಿತು. ಹಾಡು ಚೆನ್ನಾಗಿರಬೇಕು ಎಂಬ ಹಟಕ್ಕೆ ಈ ವರ್ಷಗಳಲ್ಲಿ ಇನ್ನೊಂದು ಕಾರಣ ಸೇರಿತು. ತಾಲೀಮಿಗೆ ಬಂದರೆ ಹಳೆಯ ಬೀದಿಯವರ ಮುಖ ನೋಡಬಹುದು.

ಡಿಸ್ಟ್ರಿಕ್ಟ್ ಸಿಕ್ಸ್‌ನಲ್ಲಿ 1950ರಲ್ಲಿ ಹುಟ್ಟಿದ ತಾಲೀಬ್ ಪೀಟರ್ಸನ್ ಎಂಬ ಹುಡುಗ ಇದೇ ಹೊಸವರ್ಷದ ಹಾಡುಕುಣಿತಗಳ ನಡುವೆ ಬೆಳೆದವನು. ಮುಂದೆ ಡೇವಿಡ್ ಕ್ರೇಮರ್ ಜೊತೆ ಸೇರಿ 1987ರಲ್ಲಿ ತಮ್ಮ ಕೆಡವಿದ ಮೊಹಲ್ಲಾದ ಬಗ್ಗೆ ಒಂದು ಸಂಗೀತ ನಾಟಕ ಮಾಡಿದರು. ಅವರಿಬ್ಬರ ಇನ್ನೊಂದು ನಾಟಕ ‘ಕ್ಯಾಟ್ ಅಂಡ್ ದ ಕಿಂಗ್ಸ್’ 1999ರಲ್ಲಿ ಲಂಡನ್ನಿನಲ್ಲಿ ಅಲ್ಲಿನ ಪ್ರಸಿದ್ಧ ಒಲಿವಿಯರ್ ಪ್ರಶಸ್ತಿ ಪಡೆಯಿತು. 2005ರಲ್ಲಿ ಗುಮಾ ವಾದ್ಯದ ಹೆಸರನ್ನೇ ಇಟ್ಟು, ಗುಲಾಮರ ಹಾಡುಗಳ ಚರಿತ್ರೆಯನ್ನು ರಂಗಕ್ಕೆ ತಂದರು. 2006ರ ಡಿಸೆಂಬರ್‌ನಲ್ಲಿ ತಾಲೀಬ್ ಕೊಲೆಯಾದರು. ಆ ವರ್ಷದ ಹೊಸವರ್ಷಕ್ಕೆ ಎರಡು ವಾರ ಉಳಿದಿತ್ತು. ಇಂಥ ಒಬ್ಬರ ಹಿಂದೆ ಹೆಸರು ಗೊತ್ತಿಲ್ಲದ ಸಾವಿರಾರು ದರ್ಜಿ, ಬಡಗಿಗಳ ತಾಲೀಮು ಇತ್ತು ಎಂಬುದನ್ನು ಮರೆಯಬಾರದು.

ಕೊರೊನಾ ಕಾಲದಲ್ಲಿ, 2021ರ ಜನವರಿಯಲ್ಲಿ, ಎರಡನೆಯ ಹೊಸವರ್ಷದ ಮೆರವಣಿಗೆ ನಡೆಯಲಿಲ್ಲ. 

ನಮ್ಮ ಕರಾವಳಿಯ ಮದ್ರಸಗಳಲ್ಲಿ ಮೀಲಾದ್‌ಗೆ ಮೊದಲು ದಫ್ ಮತ್ತು ಹಾಡು ಕಲಿಯುವ ಮಕ್ಕಳನ್ನು ನೋಡಿದವರಿಗೆ ಇದೆಲ್ಲ ದೂರದ ಕತೆ ಅನಿಸುವುದಿಲ್ಲ. ರಬೀವುಲ್ ಅವ್ವಲ್ ಹನ್ನೆರಡು ಎಂಬ ತಾರೀಖು ಇಲ್ಲದಿದ್ದರೆ ಆ ಇಪ್ಪತ್ತು ಪುಟ್ಟ ಕೈಗಳು ಒಂದೇ ಪೆಟ್ಟಿಗೆ ಬೀಳುವುದು ಸಾಧ್ಯವೇ? ಸಂಗೀತದ ಮಾತಿನ ನಡುವೆ ಹೇಳಬಾರದು, ಆದರೂ ಗಡುವಿನ ಮಾತು ಬಂದದ್ದರಿಂದ ಹೇಳುತ್ತೇನೆ: ಹಾಫಿಝ್‌ಗಳಿಗೆ ರಮಝಾನ್ ಹೇಗೆ ಎಂಬುದನ್ನು ಅವರ ಮನೆಯವರನ್ನು ಕೇಳಬೇಕು. ಅಂಗಡಿ, ಆಫೀಸು, ಜಮೀನು ಎಂದು ವರ್ಷವೆಲ್ಲ ದುಡಿಯುವ ಹಾಫಿಝ್ ಸಾಹೇಬರು ಶಾಬಾನ್ ಬಂದೊಡನೆ ಮುಸ್‌ಹಫ್ ಹಿಡಿದು ಕೂರುತ್ತಾರೆ. ತರಾವೀಹ್‌ನಲ್ಲಿ ಹಿಂದೆ ನಿಂತು ಕೇಳುವ ಇನ್ನೊಬ್ಬ ಹಾಫಿಝ್ ಒಂದು ಝೇರ್ ತಪ್ಪಿದರೂ ತಿದ್ದುತ್ತಾರೆ. ವರ್ಷಕ್ಕೊಮ್ಮೆ ಬರುವ ಆ ತಿಂಗಳೇ ಎಷ್ಟೋ ಜನರ ಹಿಫ್ಝನ್ನು ಉಳಿಸಿದೆ.

ಕೇಪ್‌ಟೌನಿನಲ್ಲಿ ಈ ಎರಡು ಗಡುವುಗಳು ಕೆಲವೊಮ್ಮೆ ಡಿಕ್ಕಿ ಹೊಡೆಯುತ್ತವೆ. ಚಾಂದ್ರಮಾನದ ರಮಝಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ಜನವರಿ ಎರಡು ಇದ್ದಲ್ಲೇ ಇರುತ್ತದೆ. 1998, 1999, 2000, ಈ ಮೂರು ವರ್ಷ ಎರಡನೆಯ ಹೊಸವರ್ಷ ರಮಝಾನಿನೊಳಗೇ ಬಂತು. ಲೆಕ್ಕದ ಪ್ರಕಾರ 2030ರಲ್ಲಿ ರಮಝಾನ್ ಎರಡು ಸಲ ಬರಲಿದೆ, ಜನವರಿಯ ಮೊದಲ ವಾರದಲ್ಲಿ ಒಮ್ಮೆ, ಡಿಸೆಂಬರ್ ಕೊನೆಯ ವಾರದಲ್ಲಿ ಮತ್ತೊಮ್ಮೆ. ಆ ಡಿಸೆಂಬರ್ 31ರ ರಾತ್ರಿ ಬೋ-ಕಾಪ್‌ನ ಮನೆಗಳ ಮುಂದ ಮೇಜು ಹಾಕುವುದಿದ್ದರೆ ತರಾವೀಹ್ ಮುಗಿದ ಮೇಲೆ.